ತೇಲುವ ಮೊಟ್ಟೆಯನ್ನು ತೂಗಿ ತೋರಿಸೋಣ

ಬೋಧನಾಭ್ಯಾಸದಲ್ಲಿ ನನಗೆ ಒಂಬತ್ತನೇ ತರಗತಿಯ ‘ಗುರುತ್ವ’ ಅಧ್ಯಾಯದ ಕೊನೆಯ ಭಾಗ ಬಂದಿತ್ತು. ಪ್ಲವನತೆ, ವಸ್ತುಗಳು ಏಕೆ ತೇಲುತ್ತವೆ, ಆರ್ಕಿಮಿಡಿಸ್ ತತ್ವ, ಸಾಪೇಕ್ಷ ಸಾಂದ್ರತೆ. ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಗಳೆಲ್ಲರೂ ಈ ಪಾಠಕ್ಕೆ ಮಾಡುವ ಪ್ರಯೋಗವನ್ನೇ ನಾನೂ ಮಾಡಿದೆ. ಎರಡು ಗಾಜಿನ ಬೀಕರ್‌ಗಳು, ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪು ನೀರು, ಒಂದು ಕೋಳಿಮೊಟ್ಟೆ. ಸಿಹಿನೀರಿನಲ್ಲಿ ಮೊಟ್ಟೆ ಮುಳುಗಿತು. ಉಪ್ಪು ನೀರಿನಲ್ಲಿ ತೇಲಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸಹಪಾಠಿ ವೀಕ್ಷಕರು ತಮ್ಮ ಅವಲೋಕನ ಪುಸ್ತಕದಲ್ಲಿ ‘ಪ್ರಯೋಗ ಪರಿಣಾಮಕಾರಿಯಾಗಿತ್ತು’ ಎಂದು ಬರೆದರು. ನನಗೂ ಖುಷಿಯಾಯಿತು.

ಮೌಲ್ಯಮಾಪನ ಹಂತದಲ್ಲಿ ‘ಮೊಟ್ಟೆ ಏಕೆ ತೇಲಿತು?’ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಉಪ್ಪು ಹಾಕಿದ್ದಕ್ಕ ತತ್ತಿ ಹಗೂರ ಆತ್ರಿ ಟೀಚರ್” ಎಂದಳು. ಗಂಟೆ ಹೊಡೆಯಲು ಮೂರೇ ನಿಮಿಷ ಉಳಿದಿತ್ತು. “ಗುಡ್, ಕುಳಿತುಕೋ” ಎಂದು ಹೇಳಿ, ಕಪ್ಪುಹಲಗೆಯ ಮೇಲೆ ‘ಸಾಂದ್ರತೆ ಹೆಚ್ಚಾದಾಗ ವಸ್ತು ತೇಲುತ್ತದೆ’ ಎಂದು ಬರೆದು ಪಾಠ ಮುಗಿಸಿದೆ.

ಸಂಜೆ ಮಕ್ಕಳ ನೋಟ್‌ಪುಸ್ತಕ ತಿದ್ದಲು ಕುಳಿತಾಗ ನಾನು ಮಾಡಿದ್ದು ಗೊತ್ತಾಯಿತು. ಹಲವು ಮಕ್ಕಳು ‘ಉಪ್ಪಿನಿಂದ ಮೊಟ್ಟೆಯ ಸಾಂದ್ರತೆ ಹೆಚ್ಚಾಗಿ ಮೊಟ್ಟೆ ತೇಲಿತು’ ಎಂದು ಬರೆದಿದ್ದರು. ಅವರ ತಪ್ಪೇನೂ ಇರಲಿಲ್ಲ. ಯಾವುದರ ಸಾಂದ್ರತೆ ಎಂದು ನನ್ನ ವಾಕ್ಯದಲ್ಲಿ ಇರಲೇ ಇಲ್ಲ. ಮೊಟ್ಟೆಯ ಸಾಂದ್ರತೆ ಹೆಚ್ಚಾದರೆ ಅದು ತೇಲುವುದಿಲ್ಲ, ಇನ್ನೂ ಬೇಗ ಮುಳುಗುತ್ತದೆ. ನಾನು ಹಲಗೆಯ ಮೇಲೆ ಬರೆದ ವಾಕ್ಯವನ್ನು ಓದಿದವರು ಸರಿಗೆ ತದ್ವಿರುದ್ಧವಾದದ್ದನ್ನೇ ಕಲಿಯುವಂತಿತ್ತು. ಆ ಹುಡುಗಿಯ ತಪ್ಪು ಉತ್ತರಕ್ಕೆ ‘ಗುಡ್’ ಎಂದದ್ದು ಬೇರೆ. ಪಾಠಕ್ಕೆ ಒಳ್ಳೆಯ ಅಂಕವೇ ಬಂದಿತ್ತು. ಅದೇ ನನ್ನನ್ನು ಹೆಚ್ಚು ಕಾಡಿತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಅಳತೆಯಿಲ್ಲದೆ ಮಾಡುವ ಮೊಟ್ಟೆಯ ಪ್ರಯೋಗ ವಿಜ್ಞಾನ ಪಾಠವಲ್ಲ, ಜಾದೂ ಪ್ರದರ್ಶನ. ತಕ್ಕಡಿ ಮತ್ತು ಅಳತೆ ಜಾಡಿ ಇಲ್ಲದೆ ಈ ಪ್ರಯೋಗವನ್ನು ಬೋಧನಾಭ್ಯಾಸದಲ್ಲಿ ಮಾಡಬಾರದು, ಮಾಡಿದರೆ ಅದಕ್ಕೆ ಪೂರ್ಣ ಅಂಕ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಬದಲಾದದ್ದು ಯಾವುದು?

ಆ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿಕೊಂಡು ಅದೇ ತರಗತಿಗೆ ಇನ್ನೊಂದು ಅವಧಿ ಪಡೆದೆ. ಈ ಸಲ ಪ್ರಯೋಗಕ್ಕೆ ಮೊದಲೇ ಹಲಗೆಯ ಮೇಲೆ ಮೂರು ಉತ್ತರ ಬರೆದೆ. ಉಪ್ಪು ಹಾಕಿದಾಗ ಮೊಟ್ಟೆ ಬದಲಾಗುತ್ತದೆ, ನೀರು ಬದಲಾಗುತ್ತದೆ, ಎರಡೂ ಬದಲಾಗುತ್ತವೆ. ಪ್ರತಿಯೊಬ್ಬರೂ ಒಂದನ್ನು ಆರಿಸಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂದೆ. ನಂತರ ಕಿರಾಣಿ ಅಂಗಡಿಯಿಂದ ಕೇಳಿ ತಂದಿದ್ದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮೊಟ್ಟೆ ಇಟ್ಟೆವು. 56 ಗ್ರಾಂ. ಉಪ್ಪು ನೀರಿನಲ್ಲಿ ತೇಲಿಸಿ, ಹೊರತೆಗೆದು, ಬಟ್ಟೆಯಿಂದ ಒರೆಸಿ ಮತ್ತೆ ತೂಗಿದೆವು. 56 ಗ್ರಾಂ. ‘ತತ್ತಿ ಹಗೂರ ಆತು’ ಎಂದವರೆಲ್ಲ ತಕ್ಕಡಿಯ ಹತ್ತಿರ ಬಂದು ಬಗ್ಗಿ ನೋಡಿದರು. ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ಆಮೇಲೆ ನೀರಿನ ಸರದಿ. 500 ಮಿಲಿಲೀಟರ್ ನೀರು ತೂಗಿದೆವು, 500 ಗ್ರಾಂ. ಅದಕ್ಕೆ 70 ಗ್ರಾಂ ಪುಡಿ ಉಪ್ಪು ಹಾಕಿ ಕರಗಿಸಿದೆವು. ಒಟ್ಟು 570 ಗ್ರಾಂ. ಉಪ್ಪು ಕರಗಿ ಕಾಣದಂತಾದರೂ ಅದರ ದ್ರವ್ಯರಾಶಿ ಎಲ್ಲಿಗೂ ಹೋಗಿಲ್ಲ ಎಂಬುದು ಮೊದಲ ಪಾಠ. ಇದನ್ನು ನಾವು ಎಂಟನೇ ತರಗತಿಗೂ ಹೇಳುತ್ತೇವೆ, ತೋರಿಸುವುದು ಕಡಿಮೆ. “ಈಗ ಗಾತ್ರ ಎಷ್ಟಾಗಿರಬಹುದು?” ಎಂದು ಕೇಳಿದೆ. ಹೆಚ್ಚಿನವರು ‘570’ ಎಂದರು. 100 ಮಿಲಿಲೀಟರ್‌ನ ಅಳತೆ ಜಾಡಿಯಲ್ಲಿ ಅಳೆದಾಗ ಐದು ಸಲ ತುಂಬಿದ ಮೇಲೆ ಉಳಿದದ್ದು ಸುಮಾರು 24 ಮಿಲಿಲೀಟರ್. ಅಂದರೆ ದ್ರವ್ಯರಾಶಿ 70 ಗ್ರಾಂ ಹೆಚ್ಚಿತು, ಗಾತ್ರ ಹೆಚ್ಚಿದ್ದು 24 ಮಿಲಿಲೀಟರ್ ಮಾತ್ರ. 570ನ್ನು 524ರಿಂದ ಭಾಗಿಸಿದರೆ ಒಂದು ಮಿಲಿಲೀಟರ್‌ಗೆ ಸುಮಾರು 1.09 ಗ್ರಾಂ.

ಮೊಟ್ಟೆಯನ್ನು ತುಂಬಿ ತುಳುಕುವ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಹಿಡಿದು ಅಳೆದೆವು. 52 ಮಿಲಿಲೀಟರ್. 56ನ್ನು 52ರಿಂದ ಭಾಗಿಸಿದರೆ ಸುಮಾರು 1.08. ಈಗ ಹಲಗೆಯ ಮೇಲೆ ಮೂರೇ ಸಂಖ್ಯೆಗಳು: ಸಿಹಿನೀರು 1.00, ಮೊಟ್ಟೆ 1.08, ಉಪ್ಪು ನೀರು 1.09. ಯಾವುದರಲ್ಲಿ ಯಾವುದು ಮುಳುಗಬೇಕು, ತೇಲಬೇಕು ಎಂದು ಮಕ್ಕಳೇ ಹೇಳಿದರು. ಹಿಂದಿನ ದಿನ ಬರೆದಿದ್ದ ನನ್ನ ವಾಕ್ಯವನ್ನು ಅವರ ಕೈಯಲ್ಲೇ ತಿದ್ದಿಸಿದೆ: ‘ದ್ರವದ ಸಾಂದ್ರತೆ ವಸ್ತುವಿನ ಸಾಂದ್ರತೆಗಿಂತ ಹೆಚ್ಚಾದಾಗ ವಸ್ತು ತೇಲುತ್ತದೆ.’

ದ್ರವ್ಯರಾಶಿಯೇ? ಗಟ್ಟಿತನವೇ?

ಇಲ್ಲಿಗೇ ನಿಲ್ಲಿಸಿದ್ದರೆ ಇನ್ನೊಂದು ತಪ್ಪು ಉಳಿದುಬಿಡುತ್ತಿತ್ತು. ಒಬ್ಬ ಹುಡುಗ, “ಉಪ್ಪು ಹಾಕಿದ್ರ ನೀರಿನ ದ್ರವ್ಯರಾಶಿ ಜಾಸ್ತಿ ಆಕ್ಕೈತಿ, ಅದಕ್ಕ ತೇಲ್ತೈತಿ” ಎಂದ. ಕೇಳಲು ಸರಿಯಾಗಿದೆ ಅನ್ನಿಸುತ್ತದೆ. ಇನ್ನೊಂದು ಪಾತ್ರೆಯಲ್ಲಿ ಒಂದು ಲೀಟರ್ ಸಿಹಿನೀರು ಹಾಕಿಸಿ ಮೊಟ್ಟೆ ಬಿಡಿಸಿದೆ. 570 ಗ್ರಾಂ ಉಪ್ಪು ನೀರಿನಲ್ಲಿ ತೇಲಿದ ಮೊಟ್ಟೆ 1000 ಗ್ರಾಂ ಸಿಹಿನೀರಿನಲ್ಲಿ ಮುಳುಗಿತು. ಮದಗ ಮಾಸೂರು ಕೆರೆಯ ನೀರನ್ನೆಲ್ಲ ತಂದರೂ ಅದು ಮುಳುಗಿಯೇ ಇರುತ್ತದೆ. ಒಟ್ಟು ದ್ರವ್ಯರಾಶಿ ಎಷ್ಟು ಎಂಬುದು ಮೊಟ್ಟೆಗೆ ಬೇಕಾಗಿಲ್ಲ, ತಾನು ಆಕ್ರಮಿಸುವಷ್ಟು ಜಾಗದಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬುದಷ್ಟೇ ಬೇಕು. ದ್ರವ್ಯರಾಶಿಗೂ ಸಾಂದ್ರತೆಗೂ ಇರುವ ವ್ಯತ್ಯಾಸವನ್ನು ವ್ಯಾಖ್ಯಾನ ಬಾಯಿಪಾಠ ಮಾಡಿಸಿ ಹೇಳುವುದಕ್ಕಿಂತ ಈ ಎರಡು ಪಾತ್ರೆಗಳನ್ನು ಅಕ್ಕಪಕ್ಕ ಇಡುವುದು ಸುಲಭ.

ಇನ್ನೊಂದು ಗೊಂದಲ ನಮ್ಮ ಭಾಷೆಯಿಂದಲೇ ಬರುತ್ತದೆ. ‘ಉಪ್ಪು ಹಾಕಿದರೆ ನೀರು ಗಟ್ಟಿಯಾಗುತ್ತದೆ’ ಎಂದು ನಾವೇ ಎಷ್ಟೋ ಸಲ ಹೇಳುತ್ತೇವೆ. ಮಕ್ಕಳಿಗೆ ಗಟ್ಟಿ ಎಂದರೆ ಗಟ್ಟಿ ಮಜ್ಜಿಗೆ, ಗಟ್ಟಿ ಸಾರು, ಅಂದರೆ ಬೇಗ ಹರಿಯದ್ದು. ಅದು ಸ್ನಿಗ್ಧತೆ, ಸಾಂದ್ರತೆಯಲ್ಲ. ಇದನ್ನು ಬಿಡಿಸಲು ಒಂದು ಚಮಚ ಅಡುಗೆ ಎಣ್ಣೆ ಸಾಕು. ಎಣ್ಣೆ ನೀರಿಗಿಂತ ನಿಧಾನವಾಗಿ ಹರಿಯುತ್ತದೆ, ಕೈಗೆ ಜಿಗುಟು. ಆದರೂ ನೀರಿನ ಮೇಲೆ ತೇಲುತ್ತದೆ. ಅದರ ಸಾಂದ್ರತೆ ಸುಮಾರು 0.92. ಸಿಹಿನೀರಿನಲ್ಲೇ ಮುಳುಗುವ ಮೊಟ್ಟೆ ಎಣ್ಣೆಯಲ್ಲೂ ಮುಳುಗುತ್ತದೆ. ‘ಗಟ್ಟಿ’ ಎಂಬ ಪದವನ್ನು ಈ ಪಾಠದಲ್ಲಿ ಬಳಸದಿರುವುದೇ ಒಳ್ಳೆಯದು.

ತಪ್ಪು ಉತ್ತರದೊಳಗಿನ ಸತ್ಯ

ಮೊದಲ ದಿನದ ಆ ಹುಡುಗಿಯ ಉತ್ತರಕ್ಕೆ ಮರಳುತ್ತೇನೆ. ‘ತತ್ತಿ ಹಗೂರ ಆತು’ ಎಂಬುದು ಪೂರ್ತಿ ತಪ್ಪೇ? ಹೆಸರಿನಲ್ಲೇ ಬಾವಿ ಇರುವ ಊರಿನವರು ನಾವು. ಬಾವಿಯಿಂದ ನೀರು ಸೇದಿದವರಿಗೆ ಗೊತ್ತು, ಕೊಡ ನೀರೊಳಗಿರುವ ತನಕ ಹಗ್ಗ ಹಗುರ, ಕೊಡ ನೀರು ಬಿಟ್ಟು ಮೇಲೆದ್ದ ಕೂಡಲೇ ತೋಳಿಗೆ ಭಾರ. ಕೊಡ ಬದಲಾಗಿಲ್ಲ. ಒಳಗಿರುವಾಗ ನೀರು ಕೆಳಗಿನಿಂದ ಎತ್ತಿ ಹಿಡಿದಿತ್ತು. ನಮ್ಮ 56 ಗ್ರಾಂ ಮೊಟ್ಟೆಯನ್ನು ದಾರ ಕಟ್ಟಿ ಸಿಹಿನೀರಿನಲ್ಲಿ ತೂಗುಬಿಟ್ಟರೆ ಅದು ಸ್ಥಾನಪಲ್ಲಟಗೊಳಿಸುವ ನೀರು 52 ಗ್ರಾಂ, ಆದ್ದರಿಂದ ದಾರಕ್ಕೆ ಉಳಿಯುವ ಭಾರ 4 ಗ್ರಾಂನಷ್ಟು. ಉಪ್ಪು ನೀರಿನಲ್ಲಿ ಆ 4 ಗ್ರಾಂ ಕೂಡ ಉಳಿಯುವುದಿಲ್ಲ. ದಾರ ಸಡಿಲಾಗುತ್ತದೆ, ಮೊಟ್ಟೆ ತೇಲುತ್ತದೆ.

ಅಂದರೆ ಆ ಹುಡುಗಿ ಹೇಳಿದ್ದು ಆಭಾಸ ತೂಕದ ಮಾತು. ಅವಳು ಅದನ್ನು ನಿಜವಾದ ತೂಕ ಎಂದುಕೊಂಡಿದ್ದಳು, ಅಷ್ಟೇ. ನಾನು ‘ಗುಡ್’ ಎಂದು ಕೂರಿಸಿದ್ದೂ ತಪ್ಪು, ‘ತಪ್ಪು’ ಎಂದು ಕೂರಿಸಿದ್ದರೂ ತಪ್ಪಾಗುತ್ತಿತ್ತು. ‘ಯಾವಾಗ ಹಗುರ? ತಕ್ಕಡಿಯ ಮೇಲೋ, ನೀರೊಳಗೋ?’ ಎಂದು ಕೇಳಬೇಕಿತ್ತು. ಆ ಒಂದು ಪ್ರಶ್ನೆಯಿಂದ ಅವಳು ಆರ್ಕಿಮಿಡಿಸ್ ತತ್ವದ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಮೃತ ಸಮುದ್ರಕ್ಕಿಂತ ಮೊದಲು ಹಾನಗಲ್ಲ

ಎರಡನೇ ಪಾಠ ಮುಗಿಯುವ ಹೊತ್ತಿಗೆ ಹಾಸ್ಟೆಲ್ಲಿನಲ್ಲಿದ್ದು ಓದುವ, ಹಾನಗಲ್ಲ ತಾಲ್ಲೂಕಿನ ಒಬ್ಬ ಹುಡುಗ ಕೈ ಎತ್ತಿದ. “ನಮ್ಮಪ್ಪ ಬತ್ತದ ಬೀಜಕ್ಕ ಹಿಂಗ ಮಾಡ್ತಾನ್ರಿ ಟೀಚರ್. ತತ್ತಿ ಮ್ಯಾಲ ಬಂದು ರೂಪಾಯಿ ಅಷ್ಟು ಕಾಣೂತನಕ ಉಪ್ಪು ಹಾಕ್ತಾನ.” ಎರಡು ದಿನ ಮೊಟ್ಟೆ ತೇಲಿಸಿದ ನನಗೆ ಇದು ಹೊಳೆದೇ ಇರಲಿಲ್ಲ.

ಭತ್ತ ಬೆಳೆಯುವ ಕಡೆ ಇದು ಗೊತ್ತಿರುವ ವಿಧಾನ. ಕೃಷಿ ಇಲಾಖೆಯವರೂ ಬೀಜೋಪಚಾರದ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಹತ್ತು ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಉಪ್ಪು ಬೇಕಾಗುತ್ತದೆ. ಅದರಲ್ಲಿ ಬಿತ್ತನೆ ಬೀಜ ಸುರಿದರೆ ಜೊಳ್ಳು ಮತ್ತು ಅರೆತುಂಬಿದ ಕಾಳು ಮೇಲೆ ತೇಲುತ್ತವೆ, ಗಟ್ಟಿ ಕಾಳು ತಳಕ್ಕೆ ಇಳಿಯುತ್ತವೆ. ತೇಲಿದ್ದನ್ನು ತೆಗೆದು ಹಾಕಿ, ತಳದ ಬೀಜವನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ಮೊಳಕೆಗೆ ತೊಂದರೆ ಮಾಡುತ್ತದೆ. ಬರೀ ನೀರಿನಲ್ಲಿ ಹಾಕಿದರೆ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ. ಅರೆತುಂಬಿದ ಕಾಳು ನೀರಿಗಿಂತ ಸಾಂದ್ರವಾಗಿರುವುದರಿಂದ ಒಳ್ಳೆಯ ಕಾಳಿನ ಜೊತೆಗೇ ಮುಳುಗುತ್ತದೆ. ಉಪ್ಪು ಹಾಕಿದಾಗ ಆ ಗೆರೆ ಮೇಲಕ್ಕೆ ಸರಿಯುತ್ತದೆ. ಬೀಜಗಳ ನಡುವೆ ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಉಪ್ಪಿನ ಪ್ರಮಾಣ ತೀರ್ಮಾನಿಸುತ್ತದೆ. ಜಪಾನಿನಲ್ಲಿ ಯೊಕೊಯಿ ತೊಕಿಯೋಶಿ ಎಂಬ ಕೃಷಿ ವಿಜ್ಞಾನಿ 1882ರಲ್ಲಿ ಭತ್ತಕ್ಕೆ ಈ ಉಪ್ಪು ನೀರಿನ ಆಯ್ಕೆಯನ್ನು ರೂಪಿಸಿದರು. ಅಲ್ಲಿ ಸಾಮಾನ್ಯ ಭತ್ತಕ್ಕೆ 1.13 ಸಾಪೇಕ್ಷ ಸಾಂದ್ರತೆಯ ದ್ರಾವಣ ಬಳಸುತ್ತಾರೆ.

ಇನ್ನು ಆ ‘ರೂಪಾಯಿ ಅಷ್ಟು’ ಎಂಬ ಮಾತು. ಉಪ್ಪನ್ನು ತೂಗಿ ಹಾಕಿದರೆ ಸಾಲದೆ, ಮೊಟ್ಟೆ ಏಕೆ? ಹರಳುಪ್ಪಿನಲ್ಲಿ ತೇವ ಇರುತ್ತದೆ, ಕಸ ಇರುತ್ತದೆ. ಬಕೆಟ್ಟಿನ ಅಳತೆಯೂ ಅಂದಾಜು. ಮೊಟ್ಟೆ ಇದ್ಯಾವುದನ್ನೂ ಕೇಳುವುದಿಲ್ಲ, ದ್ರಾವಣದ ಸಾಂದ್ರತೆಯನ್ನೇ ನೇರವಾಗಿ ತೋರಿಸುತ್ತದೆ. ನಾನು ಲೆಕ್ಕ ಹಾಕಿ ನೋಡಿದೆ. ಸಾಧಾರಣ ಮೊಟ್ಟೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲ ಹೊರಗೆ ಕಂಡರೆ, ಹೊರಗಿರುವ ಭಾಗದ ಗಾತ್ರ ಸುಮಾರು ಒಂದು ಮಿಲಿಲೀಟರ್, ಅಂದರೆ ಮೊಟ್ಟೆಯ ಐವತ್ತನೇ ಒಂದು ಭಾಗ. ದ್ರಾವಣದ ಸಾಂದ್ರತೆ ಮೊಟ್ಟೆಗಿಂತ ಸುಮಾರು ಶೇಕಡಾ 2ರಷ್ಟು ಹೆಚ್ಚು, 1.10ರ ಆಸುಪಾಸು. ನಮ್ಮ ಪ್ರಯೋಗಾಲಯದ ಹೈಡ್ರೋಮೀಟರ್ ಮಾಡುವ ಕೆಲಸವನ್ನೇ ಆ ರೈತ ಮೊಟ್ಟೆ ಮತ್ತು ನಾಣ್ಯದಿಂದ ಮಾಡುತ್ತಿದ್ದಾನೆ. ಹಳೆಯ ಮೊಟ್ಟೆ ಬಳಸಬಾರದು ಎಂಬ ನಿಯಮಕ್ಕೂ ಕಾರಣವಿದೆ. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ನೀರು ಆವಿಯಾಗಿ ಗಾಳಿಯ ಜಾಗ ಹಿಗ್ಗುತ್ತದೆ. ಗಾತ್ರ ಅಷ್ಟೇ, ದ್ರವ್ಯರಾಶಿ ಕಡಿಮೆ. ಹಾಗಾಗಿ ಹಳೆಯ ಮೊಟ್ಟೆ ಕಡಿಮೆ ಉಪ್ಪಿಗೇ ತೇಲಿ ಮೋಸ ಮಾಡುತ್ತದೆ. ಪೂರ್ತಿ ಹಳತಾದದ್ದು ಸಿಹಿನೀರಿನಲ್ಲೇ ತೇಲುತ್ತದೆ. ಪ್ರಯೋಗಕ್ಕೆ ಮೊಟ್ಟೆ ಒಯ್ಯುವ ಪ್ರಶಿಕ್ಷಣಾರ್ಥಿಗಳೂ ಇದನ್ನು ನೆನಪಿಡಬೇಕು.

ಪಾಠ ಯೋಜನೆಯ ‘ವಿಸ್ತರಣೆ’ ಹಂತದಲ್ಲಿ ನಾವೆಲ್ಲ ಬರೆಯುವುದು ಮೃತ ಸಮುದ್ರ. ಅದರ ನೀರಿನ ಸಾಂದ್ರತೆ ಸುಮಾರು 1.24, ಅಲ್ಲಿ ಮನುಷ್ಯ ಮಲಗಿದಂತೆ ತೇಲುತ್ತಾನೆ. ಒಳ್ಳೆಯ ಉದಾಹರಣೆಯೇ, ಆದರೆ ಅದು ನಮ್ಮ ಮಕ್ಕಳಿಗೆ ಚಿತ್ರ ಮಾತ್ರ. ಸಾಮಾನ್ಯ ಸಮುದ್ರದ ನೀರು 1.025ರಷ್ಟೇ. ಮೊಟ್ಟೆ ಅದರಲ್ಲೂ ಮುಳುಗುತ್ತದೆ ಎಂದರೆ ಮಕ್ಕಳು ಮಾತ್ರವಲ್ಲ, ನನ್ನ ಸಹಪಾಠಿಗಳೂ ಆಶ್ಚರ್ಯಪಟ್ಟರು. ಅಷ್ಟು ಚಿಕ್ಕ ವ್ಯತ್ಯಾಸವನ್ನೂ ಹಡಗಿನವರು ಬಿಡುವುದಿಲ್ಲ. ಹಡಗಿನ ಪಕ್ಕದಲ್ಲಿ ಸಿಹಿನೀರಿಗೆ ಬೇರೆ ಗೆರೆ, ಕಡಲ ನೀರಿಗೆ ಬೇರೆ ಗೆರೆ ಬರೆದಿರುತ್ತಾರೆ. ಇವೆಲ್ಲವನ್ನೂ ಹೇಳೋಣ. ಮೊದಲು ಮಕ್ಕಳ ಮನೆಯಲ್ಲೇ ಇರುವುದನ್ನು ಕೇಳೋಣ. ಭತ್ತವಿಲ್ಲದ ಊರಾದರೆ ಹಾಲಿನ ಡೈರಿ ಇದ್ದೇ ಇರುತ್ತದೆ. ಅಲ್ಲಿನ ಲ್ಯಾಕ್ಟೋಮೀಟರ್ ಕೂಡ ಇದೇ ತತ್ವದ ಮೇಲೆ ನಿಂತಿದೆ, ಹಾಲಿಗೆ ನೀರು ಬೆರೆತರೆ ಸಾಂದ್ರತೆ ಕಡಿಮೆಯಾಗಿ ಅದು ಹೆಚ್ಚು ಮುಳುಗುತ್ತದೆ.

ಆಕ್ಷೇಪಗಳು

ಈ ಮಾತನ್ನು ನಮ್ಮ ತರಗತಿಯ ಚರ್ಚೆಯಲ್ಲಿ ಹೇಳಿದಾಗ ಮೂರು ಆಕ್ಷೇಪ ಬಂದವು. ಮೊದಲನೆಯದು ಸಮಯ. ನಲವತ್ತು ನಿಮಿಷದ ಅವಧಿಯಲ್ಲಿ ತೂಗಿ, ಅಳೆದು, ಭಾಗಿಸಲು ಸಮಯವೆಲ್ಲಿ? ನಿಜ. ನನಗೂ ಒಂದೂವರೆ ಅವಧಿ ಬೇಕಾಯಿತು. ಆದರೆ ಪೀಠಿಕೆಯ ಕಥೆ, ಮೂರು ಚಾರ್ಟು, ಮಿನುಗು ಕಾಗದದ ಫ್ಲ್ಯಾಷ್‌ಕಾರ್ಡುಗಳಿಗೆ ನಾವು ಕೊಡುವ ಸಮಯವನ್ನು ಲೆಕ್ಕ ಹಾಕಿದರೆ ತೂಗಲು ಸಮಯ ಸಿಗುತ್ತದೆ. ಅವಸರವಾದರೆ ಮೊಟ್ಟೆಯನ್ನು ಎರಡು ಸಲ ತೂಗುವುದನ್ನಾದರೂ ಬಿಡಬಾರದು. ಅದಕ್ಕೆ ಎರಡೇ ನಿಮಿಷ ಸಾಕು.

ಎರಡನೆಯದು ಸಲಕರಣೆ. ಎಲ್ಲ ಶಾಲೆಗಳಲ್ಲೂ ತಕ್ಕಡಿ ಇರುವುದಿಲ್ಲ, ಇದ್ದರೂ ಕಪಾಟಿನ ಕೀಲಿ ಸಿಗುವುದಿಲ್ಲ. ಕಿರಾಣಿ ಅಂಗಡಿಯ ತಕ್ಕಡಿ, ಔಷಧದ ಬಾಟಲಿಯ ಜೊತೆ ಬರುವ ಮಿಲಿಲೀಟರ್ ಗೆರೆಯ ಮುಚ್ಚಳ, ಸೂಜಿಯಿಲ್ಲದ ಸಿರಿಂಜು, ಒಂದು ಲೀಟರ್ ನೀರಿನ ಬಾಟಲಿ, ಇಷ್ಟರಲ್ಲೇ ಕೆಲಸ ನಡೆಯುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಬಂದರೆ ಬರಲಿ. ಏಕೆ ಹೆಚ್ಚುಕಡಿಮೆ ಬಂತು ಎಂದು ಮಕ್ಕಳೊಡನೆ ಮಾತಾಡುವುದೂ ವಿಜ್ಞಾನವೇ.

ಮೂರನೆಯದು ಮೊಟ್ಟೆ. ಮೊಟ್ಟೆ ಮುಟ್ಟಲು ಇಷ್ಟಪಡದ ಮಕ್ಕಳು, ಮನೆಯವರು ನಮ್ಮ ಕಡೆ ಬಹಳ ಇದ್ದಾರೆ. ಅವರನ್ನು ಮುಜುಗರಕ್ಕೆ ಈಡು ಮಾಡುವ ಅಗತ್ಯವಿಲ್ಲ. ಒಂದು ಬಟಾಟಿ ಒಯ್ದರೆ ಸಾಕು. ಅದರ ಸಾಂದ್ರತೆಯೂ 1.08ರ ಆಸುಪಾಸಿನಲ್ಲೇ ಇರುತ್ತದೆ. ಕತ್ತರಿಸಿ ಚಿಕ್ಕ ತುಂಡು, ದೊಡ್ಡ ತುಂಡು ಎರಡನ್ನೂ ಬಿಡಬಹುದು. ಸಿಹಿನೀರಿನಲ್ಲಿ ಎರಡೂ ಮುಳುಗುತ್ತವೆ, ಉಪ್ಪು ನೀರಿನಲ್ಲಿ ಎರಡೂ ತೇಲುತ್ತವೆ. ‘ಹಗುರವಾದದ್ದು ತೇಲುತ್ತದೆ’ ಎಂಬ ಕಲ್ಪನೆಯನ್ನು ಅಲುಗಾಡಿಸಲು ಮೊಟ್ಟೆಗಿಂತ ಬಟಾಟಿಯೇ ಮೇಲು.

ನಮ್ಮ ಅವಲೋಕನ ಪುಸ್ತಕಕ್ಕೆ ಒಂದು ಮನವಿ

ನಾನು ಪಿಯುಸಿಯಲ್ಲಿ ಓದಿದೆ, ಬಿ.ಎಸ್ಸಿ. ಮುಗಿಸಿದೆ, ಸಾಂದ್ರತೆಯ ಲೆಕ್ಕಗಳನ್ನು ನೂರಾರು ಸಲ ಮಾಡಿದೆ. ಆದರೂ ಹುಡುಗಿಯೊಬ್ಬಳು ‘ತತ್ತಿ ಹಗೂರ ಆತು’ ಎಂದಾಗ ನನ್ನ ಕಿವಿಗೆ ಅದು ತಪ್ಪೆಂದು ಬಡಿಯಲಿಲ್ಲ. ಸೂತ್ರ ಗೊತ್ತಿದ್ದದ್ದು ಬೇರೆ, ಮಗುವಿನ ಮಾತನ್ನು ಕೇಳಿಸಿಕೊಳ್ಳುವುದು ಬೇರೆ. ಬೋಧನಾಭ್ಯಾಸ ಇರುವುದೇ ಎರಡನೆಯದಕ್ಕೆ. ಆದರೆ ನಮ್ಮನ್ನು ಅಳೆಯುವ ನಮೂನೆಯಲ್ಲಿ ಧ್ವನಿಯ ಏರಿಳಿತಕ್ಕೆ ಅಂಕವಿದೆ, ಕಪ್ಪುಹಲಗೆಯ ಅಕ್ಷರಕ್ಕೆ ಅಂಕವಿದೆ, ಬೋಧನೋಪಕರಣಕ್ಕೆ ಅಂಕವಿದೆ. ಪಾಠದ ಕೊನೆಗೆ ಮಕ್ಕಳ ತಲೆಯಲ್ಲಿ ಏನು ಉಳಿಯಿತು ಎಂಬುದಕ್ಕೆ ಸಾಲು ಇಲ್ಲ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಮತ್ತು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ಮೂರು ವಿನಂತಿ. ಒಂದು, ಯಾವ ಪ್ರಯೋಗವನ್ನೇ ಮಾಡಲಿ, ಮಾಡುವ ಮೊದಲು ಮಕ್ಕಳು ತಮ್ಮ ಊಹೆಯನ್ನು ಬರೆಯಬೇಕು. ಎರಡು, ವಿಜ್ಞಾನದ ಪ್ರಾತ್ಯಕ್ಷಿಕೆಯಲ್ಲಿ ಕನಿಷ್ಠ ಒಂದು ಅಳತೆ ಇರಬೇಕು, ಅದನ್ನು ಮಕ್ಕಳೇ ಓದಿ ಹೇಳಬೇಕು. ಮೂರು, ವೀಕ್ಷಿಸುವ ಸಹಪಾಠಿ ‘ಪರಿಣಾಮಕಾರಿಯಾಗಿತ್ತು’ ಎಂದು ಬರೆಯುವ ಬದಲು ಇಬ್ಬರು ಮಕ್ಕಳ ಉತ್ತರವನ್ನು ಅವರದೇ ಮಾತಿನಲ್ಲಿ, ತಪ್ಪಿದ್ದರೆ ತಪ್ಪಿದ್ದಂತೆಯೇ, ಬರೆದುಕೊಳ್ಳಬೇಕು. ಆ ಎರಡು ಸಾಲು ಓದಿದರೆ ಪಾಠ ಹೇಗಾಯಿತು ಎಂದು ಬೋಧಿಸಿದವರಿಗೆ ಗೊತ್ತಾಗುತ್ತದೆ.

ಬೋಧನಾಭ್ಯಾಸದ ಕೊನೆಯ ದಿನ ಅದೇ ಪ್ರಶ್ನೆಯನ್ನು ಅದೇ ಹುಡುಗಿಗೆ ಮತ್ತೆ ಕೇಳಿದೆ. “ತತ್ತಿ ಇದ್ದಂಗ ಐತ್ರಿ. ನೀರು ಭಾರ ಆಗೈತಿ” ಎಂದಳು. ಒಂದು ಲೀಟರ್ ಸಿಹಿನೀರಿನ ಪಾತ್ರೆಯತ್ತ ಕೈ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಹಂಗಲ್ರಿ… ಅಷ್ಟ ಜಾಗದಾಗ ಭಾರ ಆಗೈತಿ” ಎಂದಳು. ಪಠ್ಯಪುಸ್ತಕದ ವ್ಯಾಖ್ಯಾನ ಅವಳ ಬಾಯಲ್ಲಿ ಬರಲಿಲ್ಲ. ಅದನ್ನು ನಾಳೆ ಬರೆಸಬಹುದು. ಈ ಸಲ ನಾನು ‘ಗುಡ್’ ಎಂದದ್ದಕ್ಕೆ ಅರ್ಥವಿತ್ತು.

— ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿ, ಬಿ.ಎಸ್ಸಿ., ಬಿ.ಇಡಿ., ಹಂಸಭಾವಿ